ಗಂಟಲು ಎತ್ತುವ ಬೆರಳು

"ಕೈ ತೆಗೀರಿ ಅತ್ತೆ! ಮೊದಲು ಮಗೂನ ಬಾಯಿಂದ ಕೈ ತೆಗೀರಿ!"

"ನೀನು ಸುಮ್ನೆ ತಲೆ ಹಿಡ್ಕೋ. ಹಿಡ್ಕೋ ಅಂದೆ! ಇವನಪ್ಪನ ಗಂಟಲು ಎತ್ತಿದ್ದೂ ಇದೇ ಬೆರಳು."

"ಅವರ ಕುತ್ತಿಗೆ ಹಿಂಗೆ ಊದಿತ್ತಾ? ಕಣ್ಣು ಬಿಟ್ಟು ನೋಡಿ. ಗೂಳಿ ಕುತ್ತಿಗೆ ಆಗಿದೆ!"

"ನೀನು ಹುಟ್ಟೋಕೆ ಮುಂಚೆಯಿಂದ ಗಂಟಲು ನೋಡ್ತಿದೀನಿ ಕಣೇ ನಾನು. ನಂಗೆ ಪಾಠ ಹೇಳ್ತಾಳೆ, ಪೇಟೆಯೋಳು."

ದೌಲಾ ಯಾರ ಮಾತಿಗೂ ಬಗ್ಗುವವಳಲ್ಲ. ಬಲಗೈ ತೋರುಬೆರಳಿಗೆ ಹಳೆಯ ತಲೆವಸ್ತ್ರದ ಚೂರು ಸುತ್ತಿ, ಉಪ್ಪು ಬೆರೆಸಿದ ಒಲೆ ಬೂದಿಯಲ್ಲಿ ಅದ್ದಿಕೊಂಡಿದ್ದಳು. ನಾಲ್ಕು ವರ್ಷದ ಮೊಮ್ಮಗ ಉಸೈದ್ ಅವಳ ಮೊಣಕಾಲುಗಳ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಕಿರುಚಲು ಅವನಿಗೆ ದನಿಯೇ ಇರಲಿಲ್ಲ. ಗೊಗ್ಗರು ಗಾಳಿಯಷ್ಟೇ ಹೊರಡುತ್ತಿತ್ತು. ಮಗುವಿಗೆ ನುಂಗಲಾಗದಿದ್ದರೆ ಗಂಟಲು ಬಿದ್ದಿದೆ ಎಂದು ಅರ್ಥ, ಬಿದ್ದದ್ದನ್ನು ಬೆರಳಿಂದ ಒತ್ತಿ ಮೇಲೆತ್ತಬೇಕು. ಇಬ್ಬ್ ಪಟ್ಟಣದ ಮೇಲಿನ ಆ ಬೆಟ್ಟದ ಎರಡೂ ಮಗ್ಗುಲಿನ ಊರುಗಳಲ್ಲಿ ಈ ಕೆಲಸಕ್ಕೆ ದೌಲಾಳ ಬೆರಳೇ ಆಗಬೇಕು. ಎಷ್ಟು ಮಕ್ಕಳ ಬಾಯಿಗೆ ಅದು ಹೋಗಿ ಬಂದಿದೆಯೋ ಅವಳಿಗೇ ಲೆಕ್ಕವಿಲ್ಲ.

ಬೆರಳು ಒಳಗೆ ಹೋಯಿತು. ಎಂದಿನಂತೆ ಮೆತ್ತಗಿನ ಗಂಟು ಸಿಗಲಿಲ್ಲ. ಒದ್ದೆ ತೊಗಲಿನಂಥದ್ದೇನೋ ಅಂಟಿಕೊಂಡು ಕೂತಿತ್ತು. ಒತ್ತಿದಳು, ಸರಿಯಲಿಲ್ಲ. ಉಗುರಿನಿಂದ ಕೆರೆದಳು. ಮಗು ಮೈಯೆಲ್ಲ ಬಿಲ್ಲಾಗಿ ಬಾಗಿತು. ಬಟ್ಟೆ ಹೊರಬಂದಾಗ ಕೆಂಪಾಗಿತ್ತು, ಕೊಳೆತ ವಾಸನೆ ಬಡಿಯುತ್ತಿತ್ತು.

"ಕೀವು ಒಡೀತು, ಇನ್ನೇನಿಲ್ಲ" ಎಂದಳು ದೌಲಾ. ಆದರೆ ಅದು ಕೀವಲ್ಲವೆಂದು ಬೆರಳಿಗೆ ಗೊತ್ತಾಗಿತ್ತು.

ಸೊಸೆ ಇಫ್ತಿಕಾರ್ ಮಗುವನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡಳು. ಹೊಸ್ತಿಲಲ್ಲಿ ಗಂಡ ಮುಖ್ಬಿಲ್ ಅಮಲಿಗೆಂದು ಜನ ಅಗಿಯುವ ಖಾತ್ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸಿ ಬಾಳೆಲೆ ಸುತ್ತುತ್ತ ಕೂತಿದ್ದ. ಮಧ್ಯಾಹ್ನದೊಳಗೆ ಮಾರುಕಟ್ಟೆ ಮುಟ್ಟದಿದ್ದರೆ ಆ ಸೊಪ್ಪನ್ನು ಯಾರೂ ಅಗಿಯುವುದಿಲ್ಲ.

"ರೀ, ಏಳಿ. ಗಾಡಿ ತೆಗೀರಿ."

"ಅಮ್ಮ ಎತ್ತಿದಾಳಲ್ಲ, ಸಾಯಂಕಾಲದವರೆಗೆ ನೋಡೋಣ. ಸೊಪ್ಪು..."

"ನಿಮ್ಮ ಸೊಪ್ಪು ಬಾಡುತ್ತೆ ಅಂತ ಯೋಚನೆ ಮಾಡ್ತಿದೀರಾ? ಇಲ್ಲಿ ಮಗ ಬಾಡ್ತಿದಾನೆ! ನೀವು ಬರದೇ ಇದ್ರೆ ಇವನನ್ನ ಹೊತ್ಕೊಂಡು ರಸ್ತೆಗೆ ನಡ್ಕೊಂಡೇ ಹೋಗ್ತೀನಿ. ಊರೆಲ್ಲ ನೋಡ್ಲಿ."

ಮುಖ್ಬಿಲ್ ಎದ್ದ. ಅವನು ಕೆಟ್ಟವನಲ್ಲ, ನಿಧಾನದವನು. ಯಾರಾದರೂ ಬೈದರೆ ಮಾತ್ರ ಅವನ ಕಾಲಿಗೆ ಜೀವ ಬರುತ್ತಿತ್ತು. ಸೊಪ್ಪಿನ ಕಟ್ಟುಗಳನ್ನೂ ಪಿಕಪ್ಪಿನ ಹಿಂದೆ ಎಸೆದುಕೊಂಡ. ಹೊರಡುವಾಗ ಇಫ್ತಿಕಾರ್ ತಿರುಗಿ ನೋಡಿ ಹೇಳಿದಳು:

"ಆ ಕೊಳಕು ಬಟ್ಟೇನ ಒಲೆಗೆ ಹಾಕಿ ಅತ್ತೆ."

ಕೊಳಕು! ದೌಲಾ ಮೆಟ್ಟಿಲ ಮೇಲೆ ಕೂತು ಆ ಮಾತನ್ನೇ ಜಗಿದಳು. ಮೂವತ್ತು ವರ್ಷದಿಂದ ಜನ ಹುಡುಕಿಕೊಂಡು ಬರುವ ಕೈ ಇವಳಿಗೆ ಕೊಳಕಾಯಿತು. ಪಿಕಪ್ಪಿನ ಧೂಳು ಇನ್ನೂ ಇಳಿದಿರಲಿಲ್ಲ, ಮೇಲಿನ ಮನೆಯ ನೂರಿಯ್ಯಾ ಕಂಕುಳಲ್ಲಿ ಕೂಸು, ಕೈಯಲ್ಲಿ ಐದು ವರ್ಷದ ಮಗಳು ಸಲ್ವಾಳನ್ನು ಹಿಡಿದುಕೊಂಡು ಬಂದಳು. ನೂರಿಯ್ಯಾಳ ಗಂಡ ಸೌದಿಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ಅವಳು, ಮಕ್ಕಳು, ಮಾವ ಹಾಜಿ ಮುಸನ್ನಾ.

"ದೌಲಾ ಚಿಕ್ಕಮ್ಮಾ, ಇವಳಿಗೆ ನಿನ್ನೆಯಿಂದ ನೆಗಡಿ, ಕೆಮ್ಮು. ಒಂದು ಸಲ ಗಂಟಲು ಎತ್ತಿಬಿಡು. ಮೊಟ್ಟೆ ತಂದಿದೀನಿ."

ದೌಲಾ ಬಟ್ಟೆಯನ್ನು ಒಲೆಗೆ ಹಾಕಿರಲಿಲ್ಲ. ಹಟಕ್ಕೆ ಬಿದ್ದವಳಂತೆ ಅದನ್ನೇ ಕೊಡವಿ, ಬೆರಳಿಗೆ ಮತ್ತೆ ಸುತ್ತಿದಳು. ಎಂಟು ವರ್ಷದ ಮೊಮ್ಮಗಳು ಬಲ್ಖೀಸ್ ಗೋಡೆಗೊರಗಿ ನೋಡುತ್ತಿದ್ದಳು.

"ಬಾ ಮಗಳೇ, ಬಾಯಿ ತೆಗಿ" ಎಂದಳು ದೌಲಾ. "ನಿಂಗಾದ್ರೂ ಈ ಕೈ ಬೆಲೆ ಗೊತ್ತು."

*

ಮುಖ್ಬಿಲ್ ಮರುದಿನ ಊಟದ ಹೊತ್ತಿಗೆ ಒಬ್ಬನೇ ಬಂದ. ದೌಲಾ ಜೋಳದ ಮುದ್ದೆ ತೊಳಸಿ, ನಡುವೆ ಗುಳಿ ಮಾಡಿ ಸಾರು ಸುರಿದು, ಮೇಲೆ ಮೆಂತ್ಯದ ನೊರೆ ಹಾಕಿದ್ದಳು. ಮೂವರೂ ಒಂದೇ ಪಾತ್ರೆಯ ಸುತ್ತ ಕೂತರು.

"ಗಂಟಲಮಾರಿಯಂತೆ" ಎಂದ ಅವನು.

ದೌಲಾಳ ಕೈ ಮುದ್ದೆಯಲ್ಲೇ ನಿಂತಿತು. "ಯಾರಂದಿದ್ದು?"

"ಡಾಕ್ಟರಮ್ಮ. ಬಾಯಿ ತೆಗೆಸಿ ದೀಪ ಬಿಟ್ಟು ನೋಡಿದ್ಲು, ಅಷ್ಟೇ, ನಮ್ಮನ್ನೆಲ್ಲ ಹೊರಗೆ ಹಾಕಿ ಮೂಗಿಗೆ ಬಟ್ಟೆ ಕಟ್ಟಿಸಿದ್ಲು. ಹತ್ತಿ ಕಡ್ಡೀಲಿ ಗಂಟಲು ಒರೆಸಿ ಪರೀಕ್ಷೆಗೆ ಕಳ್ಸಿದಾಳೆ. ಆದ್ರೆ ಫಲಿತಾಂಶ ಬರೋವರೆಗೆ ಕಾಯೋದಿಲ್ಲ, ಕಾದ್ರೆ ವಿಷ ಎದೆಗೆ ಇಳಿಯುತ್ತೆ ಅಂದ್ಲು."

"ಎಲ್ಲಿಂದ ಬಂತು ವಿಷ?"

"ಗಂಟಲಲ್ಲಿ ಬೂದುಬಣ್ಣದ ಪೊರೆ ಇದೆಯಲ್ಲ, ಅದನ್ನ ಬೆಳೆಸೋ ಹುಳ ಬಿಡೋದಂತೆ. ಆ ವಿಷಕ್ಕೆ ಎದುರು ಮದ್ದು ಇದೆ. ಕುದುರೆ ರಕ್ತದಿಂದ ಮಾಡಿದ್ದು."

"ಕುದುರೆ ರಕ್ತಾನಾ? ನಮ್ಮ ಮಗೂಗಾ?"

"ಅಪ್ಪಾ, ಉಸೈದ್ ಇನ್ಮೇಲೆ ಕೆನೀತಾನಾ?" ಎಂದಳು ಬಲ್ಖೀಸ್.

ಮುಖ್ಬಿಲ್‌ಗೆ ನಗು ಬಂತು. ಎರಡು ದಿನಗಳಲ್ಲಿ ಮೊದಲ ಸಲ. "ಕೆನೀಲಿ ಬಿಡು. ದನಿ ಬಂದ್ರೆ ಸಾಕು. ಮೊದಲು ಚರ್ಮಕ್ಕೆ ಒಂದು ಚುಕ್ಕೆ ಚುಚ್ಚಿ, ಮೈಗೆ ಒಗ್ಗುತ್ತೋ ಇಲ್ವೋ ನೋಡಿದ್ರು. ಆಮೇಲೆ ಬಾಟ್ಲಿ ಏರಿಸಿದ್ರು. ಪೆನ್ಸಿಲಿನ್ ಬೇರೆ. ಬದುಕ್ತಾನೆ ಅಂತ ಹೇಳ್ತಿಲ್ಲ, ಸಾಯ್ತಾನೆ ಅಂತಾನೂ ಹೇಳ್ತಿಲ್ಲ." ತುತ್ತು ನುಂಗಿ, ತಾಯಿಯ ಕಡೆ ನೋಡದೆ ಹೇಳಿದ, "ಈ ಪೊರೇನ ಕೆರೆದಿದ್ದು ಯಾರು ಅಂತ ಕೇಳಿದ್ಲು."

"ನೀನೇನಂದೆ?"

"ನಾನೇನೂ ಅನ್ಲಿಲ್ಲ. ಇಫ್ತಿಕಾರ್ ಅಂದ್ಲು. ಆ ಬೆರಳು ಇನ್ನೊಂದು ಬಾಯಿಗೆ ಹೋಗಿದ್ರೆ ಅಲ್ಲಿಗೂ ಅಂಟಿರುತ್ತಂತೆ, ತಕ್ಷಣ ಹೇಳಿ ಅಂದ್ಲು ಡಾಕ್ಟರಮ್ಮ. ಆಮೇಲೆ ಯಾರಿಗಾದ್ರೂ ಕೈ ಹಾಕಿದೀಯಾ ಅಮ್ಮಾ?"

"ಇಲ್ಲ."

ಬಲ್ಖೀಸ್ ತಲೆಯೆತ್ತಿದಳು. "ಅಜ್ಜೀ, ಸಲ್ವಾ..."

"ತಿನ್ನು. ಮುದ್ದೆ ತಣ್ಣಗಾದ್ರೆ ಗಂಟಲಿಗೆ ಇಳಿಯಲ್ಲ."

ಮುಖ್ಬಿಲ್ ಕೇಳಿಸಿಕೊಂಡನೋ ಇಲ್ಲವೋ. ಕೇಳಿಸಿಕೊಳ್ಳದಿರುವುದೇ ಅವನಿಗೆ ಬೇಕಾಗಿತ್ತು. "ಒಳ್ಳೇದು. ಊರಲ್ಲಿ ಯಾರಾದ್ರೂ ಕೇಳಿದ್ರೆ ನ್ಯುಮೋನಿಯ ಅನ್ನಿ. ಗಂಟಲಮಾರಿ ಅಂತ ಗೊತ್ತಾದ್ರೆ ನಮ್ಮ ಸೊಪ್ಪನ್ನ ಯಾರು ಬಾಯಿಗೆ ಹಾಕ್ಕೋತಾರೆ?"

ಅದು ಸುಳ್ಳಲ್ಲ. ಖಾತ್ ಎಲೆಯನ್ನು ತೊಳೆದು ಬೇಯಿಸುವುದಿಲ್ಲ. ಕಟ್ಟಿನಿಂದ ಕಿತ್ತು ನೇರ ದವಡೆಗೆ. ಯಾರ ಮನೆಯ ಕೈ ಕಟ್ಟಿದ್ದು ಎಂಬುದನ್ನು ಜನ ನೋಡಿಯೇ ನೋಡುತ್ತಾರೆ.

*

ಆರೋಗ್ಯದವರು ಹುಡುಕಿಕೊಂಡು ಬಂದೇ ಬಂದರು. ಆಸ್ಪತ್ರೆಯಿಂದ ಸುದ್ದಿ ಹೋಗಿತ್ತು. ಇಬ್ಬರು ಹೆಂಗಸರು, ಲಸಿಕೆಯ ನೀಲಿ ಡಬ್ಬ, ಮಾತ್ರೆ. ಮುಖ್ಬಿಲ್ ಮಾರುಕಟ್ಟೆಗೆ ಹೋಗಿದ್ದ. ಮನೆಯವರೆಲ್ಲ ಮಾತ್ರೆ ನುಂಗಬೇಕು, ಗಂಟಲು ನೋಡಿಸಿಕೊಳ್ಳಬೇಕು ಎಂದರು. ಬಲ್ಖೀಸಳ ತೋಳಿಗೆ ಸೂಜಿ ಚುಚ್ಚಿದರು. ಅವಳು ಅಳಲಿಲ್ಲ, ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

"ಇವಳು ಅವನ ಜೊತೆ ಒಂದೇ ಕಂಬಳೀಲಿ ಮಲಗ್ತಿದ್ಲು" ಎಂದಳು ದೌಲಾ. "ಇವಳಿಗ್ಯಾಕೆ ಬರ್ಲಿಲ್ಲ?"

"ಇವಳು ಕೂಸಾಗಿದ್ದಾಗ್ಲೇ ಲಸಿಕೆ ಹಾಕಿದಾರೆ ಅಜ್ಜಿ. ಹುಡುಗನಿಗ್ಯಾಕೆ ಹಾಕಿಸಿಲ್ಲ?"

"ನೀವು ಬಂದಾಗ ಮನೇಲಿ ಇರ್ಲಿಲ್ಲ."

ಮನೆಯಲ್ಲೇ ಇದ್ದ. ಕೆಳಗಿನ ಹುಲ್ಲಿನ ಕೋಣೆಯಲ್ಲಿ. ಬಲ್ಖೀಸಳಿಗೆ ಸೂಜಿ ಹಾಕಿದಾಗ ಜ್ವರ ಬಂದು ಮಗು ಅತ್ತಿದ್ದನ್ನು ದೌಲಾ ಮರೆತಿರಲಿಲ್ಲ. ಅದಕ್ಕೇ ಪ್ರತಿ ಸಲ ನೀಲಿ ಡಬ್ಬ ಕಂಡಾಗಲೂ ಉಸೈದನನ್ನು ಎತ್ತಿಕೊಂಡು ಹೋಗಿ ಕತ್ತೆಯ ಪಕ್ಕ ಕೂರಿಸಿ, ಬಾಯಿಗೆ ಒಣದ್ರಾಕ್ಷಿ ತುರುಕುತ್ತಿದ್ದಳು. ಇಫ್ತಿಕಾರ್ ಜಗಳವಾಡಿದ್ದಳು. ಮುಖ್ಬಿಲ್ ಯಾವ ಕಡೆಯೂ ಮಾತಾಡಿರಲಿಲ್ಲ.

"ಹುಡುಗನ ಆಮೇಲೆ ಇನ್ಯಾರ ಗಂಟಲಾದ್ರೂ ಮುಟ್ಟಿದ್ರಾ ಅಜ್ಜಿ? ಬೈಯೋಕೆ ಕೇಳ್ತಿಲ್ಲ. ಆ ಮಗೂಗೆ ಈಗ್ಲೇ ಮಾತ್ರೆ ಕೊಟ್ರೆ ತಡೀಬಹುದು."

ಹೇಳಬಹುದಾಗಿತ್ತು. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಹಾಜಿ ಮುಸನ್ನಾ ಏನನ್ನುತ್ತಾನೆ, ಊರ ಹೆಂಗಸರು ಏನನ್ನುತ್ತಾರೆ, ನಾಳೆಯಿಂದ ಈ ಬಾಗಿಲಿಗೆ ಯಾರು ಬರುತ್ತಾರೆ?

"ಯಾರದ್ದೂ ಮುಟ್ಟಿಲ್ಲ" ಎಂದಳು.

ಅವರು ಹೋದ ಮೇಲೆ ಬಲ್ಖೀಸ್ ಕೇಳಿದಳು, "ಅಜ್ಜೀ, ಸಲ್ವಾಗೆ ನಾನು ನನ್ನ ಮಾತ್ರೆ ಕೊಟ್ಟು ಬರ್ಲಾ?"

ದೌಲಾ ಅವಳಿಗೆ ಒಂದು ಬಿಟ್ಟಳು. ಆ ಹುಡುಗಿಗೆ ಅವಳು ಕೈ ಎತ್ತಿದ್ದು ಅದೇ ಮೊದಲು.

*

ನೂರಿಯ್ಯಾ ಮತ್ತೆ ಬಂದಳು. ದೌಲಾ ಅಂಗಳದಲ್ಲಿ ಕುಡಿಯಲು ಕಾಫಿ ಸಿಪ್ಪೆಯ ಕಷಾಯ ಕುದಿಸುತ್ತಿದ್ದಳು. ಸಲ್ವಾ ಈ ಸಲ ನಡೆದು ಬರಲಿಲ್ಲ, ತಾಯಿಯ ಹೆಗಲ ಮೇಲಿದ್ದಳು.

"ಚಿಕ್ಕಮ್ಮಾ, ಕೂತ್ಕೊಂಡಿಲ್ಲ ಗಂಟಲು. ಮತ್ತೆ ಬಿದ್ದುಬಿಟ್ಟಿದೆ. ಇನ್ನೊಂದ್ಸಲ ಎತ್ತು."

ದೌಲಾ ಮಗುವಿನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಬಾಯಿ ತೆರೆಸುವ ಮೊದಲೇ ಆ ವಾಸನೆ ಬಂತು. ಒಳಗೆ ಎರಡೂ ಬದಿಗೆ ಬೂದುಬಣ್ಣದ ಪೊರೆ, ಕಿರುನಾಲಿಗೆಯನ್ನೂ ಹಿಡಿದುಕೊಂಡಿತ್ತು. ಕೈಬಿಟ್ಟಳು.

"ಆಸ್ಪತ್ರೆಗೆ ಕರ್ಕೊಂಡು ಹೋಗು."

"ಏನು?"

"ನಾನು ಮುಟ್ಟಲ್ಲ ಇವಳನ್ನ. ಆಸ್ಪತ್ರೆಗೆ ಹೋಗು. ಈಗ್ಲೇ."

"ಯಾರ ಜೊತೆ ಹೋಗ್ಲಿ? ಮಾವ ಒಪ್ಪಲ್ಲ. 'ಗಂಟಲು ಬಿದ್ದಿದ್ದಕ್ಕೆಲ್ಲ ಪೇಟೆಗೆ ಓಡ್ತಾರಾ, ದೌಲಾ ಇಲ್ವಾ' ಅಂತ ಅವರೇ ಕಳ್ಸಿದಾರೆ." ನೂರಿಯ್ಯಾಳಿಗೆ ಅಳು ಬಂತು. "ಮೊಟ್ಟೆ ಕಮ್ಮಿ ಆಯ್ತಾ ಚಿಕ್ಕಮ್ಮಾ?"

ದೌಲಾ ಒಲೆಯ ಮೇಲಿನ ಪಾತ್ರೆಯನ್ನು ಹಾಗೇ ಬಿಟ್ಟು ಕೆಳಗೆ ಮಗನ ಬಳಿ ಹೋದಳು. ಮುಖ್ಬಿಲ್ ಪಿಕಪ್ಪಿನ ಟೈರು ನೋಡುತ್ತಿದ್ದ.

"ಸಲ್ವಾನ ಇಬ್ಬ್‌ಗೆ ಕರ್ಕೊಂಡು ಹೋಗ್ಬೇಕು. ಗಾಡಿ ತೆಗಿ."

"ಅವಳಿಗೇನಾಯ್ತು?"

"ಉಸೈದನಿಗೆ ಆಗಿದ್ದೇ."

ಮುಖ್ಬಿಲ್ ನೆಟ್ಟಗೆ ನಿಂತ. "ಯಾರನ್ನೂ ಮುಟ್ಟಿಲ್ಲ ಅಂದಿದ್ದೆ."

"ಸುಳ್ಳು ಹೇಳಿದ್ದೆ."

"ಹಂಗಾದ್ರೆ ಈಗ್ಲೂ ಅದನ್ನೇ ಹೇಳು. ನಾವು ಕರ್ಕೊಂಡು ಹೋದ್ರೆ ನಮ್ಮ ಮನೆಯಿಂದ ಬಂತು ಅಂತ ನಾವೇ ಡಂಗುರ ಹೊಡೆದ ಹಾಗೆ. ಅವರ ಮಾವ ಇದಾನೆ, ಬಳಗ ಇದೆ. ಅವರು ಕರ್ಕೊಂಡು ಹೋಗ್ಲಿ."

"ಅವನು ಕಳ್ಸಲ್ಲ ಕಣೋ! ನನ್ನ ಬೆರಳು ನಂಬ್ಕೊಂಡು ಕೂತಿದಾನೆ ಆ ಮುದುಕ!"

"ಅಮ್ಮಾ, ಕೂಗ್ಬೇಡ."

"ಕೂಗ್ತೀನಿ."

ಮಧ್ಯಾಹ್ನದ ಊಟವಾಗಿತ್ತು. ಗಂಡಸರೆಲ್ಲ ಹಾಜಿ ಮುಸನ್ನಾನ ಮೇಲ್ಮಹಡಿಯ ದೊಡ್ಡ ಕೋಣೆಯಲ್ಲಿ ಸೇರಿ, ದಿಂಬಿಗೊರಗಿ ಸೊಪ್ಪು ಅಗಿಯುವ ಹೊತ್ತು. ಹೆಂಗಸರು ಆ ಕೋಣೆಗೆ ಕಾಲಿಡುವುದಿಲ್ಲ. ದೌಲಾ ಚಪ್ಪಲಿಯನ್ನೂ ಬಿಡದೆ ನಡುಮಧ್ಯಕ್ಕೆ ಹೋಗಿ ನಿಂತಳು. ಹಿಂದಿನಿಂದ ಓಡಿ ಬಂದ ಮುಖ್ಬಿಲ್ ಬಾಗಿಲಲ್ಲೇ ನಿಂತುಬಿಟ್ಟ.

"ದಾರಿ ತಪ್ಪಿದ್ಯಾ ದೌಲಾ?" ಎಂದ ಹಾಜಿ. ಅವನ ಎಡಗೆನ್ನೆ ಸೊಪ್ಪಿನಿಂದ ನಿಂಬೆಹಣ್ಣಿನಷ್ಟು ಉಬ್ಬಿತ್ತು. ಒಂದಿಬ್ಬರು ನಕ್ಕರು.

"ಹಾಜಿಗಳೇ, ನನ್ನ ಮೊಮ್ಮಗನಿಗೆ ನ್ಯುಮೋನಿಯ ಅಲ್ಲ. ಗಂಟಲಮಾರಿ. ಅವನ ಗಂಟಲಿಗೆ ಹಾಕಿದ ಬೆರಳನ್ನೇ, ಅದೇ ಬಟ್ಟೆ ಸುತ್ತಿ, ನಿಮ್ಮ ಸಲ್ವಾ ಗಂಟಲಿಗೆ ಹಾಕಿದೆ. ಈಗ ಅವಳಿಗೂ ಬಂದಿದೆ. ನಾನೇ ಅಂಟಿಸಿದ್ದು. ನನ್ನ ಮೇಲೆ ಏನು ಬೇಕಾದ್ರೂ ಹೊರಿಸಿ, ಆಮೇಲೆ ಹೊರಿಸಿ. ಈಗ ಹುಡುಗೀನ ಕಳ್ಸಿ."

ಕೋಣೆಯಲ್ಲಿ ದವಡೆಗಳೆಲ್ಲ ನಿಂತವು. ಒಬ್ಬ ತನ್ನ ಕೈಯಲ್ಲಿದ್ದ ಎಲೆಯನ್ನು ನೋಡಿದ. ಅದು ಮುಖ್ಬಿಲ್ ಕಟ್ಟಿದ ಕಟ್ಟು. ಅವನು ಅದನ್ನು ಮೆಲ್ಲಗೆ ಕೆಳಗಿಟ್ಟ. ಪಕ್ಕದವನೂ ಇಟ್ಟ. ಹಾಜಿ ಮುಸನ್ನಾ ಪೀಕದಾನಿಗೆ ಬಗ್ಗಿ ಬಾಯಲ್ಲಿದ್ದುದೆಲ್ಲವನ್ನೂ ಉಗಿದ. ಬಾಯಿ ತೊಳೆದುಕೊಂಡ. ಆಮೇಲೆ ದೌಲಾಳನ್ನಲ್ಲ, ಬಾಗಿಲಲ್ಲಿದ್ದ ಮುಖ್ಬಿಲ್‌ನನ್ನು ನೋಡಿ ಹೇಳಿದ:

"ಗಾಡಿ ತೆಗಿ."

ಮುಖ್ಬಿಲ್ ಗಾಡಿ ತೆಗೆದ. ನೂರಿಯ್ಯಾ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಸಲ್ವಾಳನ್ನು ಎದೆಗಾನಿಸಿಕೊಂಡು ಮುಂದೆ ಕೂತಳು. ಹೊರಡುವ ಮುನ್ನ ಮುಖ್ಬಿಲ್ ಕಿಟಕಿಯಿಂದ ತಾಯಿಗೆ ಹೇಳಿದ, "ನಮ್ಮನ್ನೆಲ್ಲ ಬೀದಿಗೆ ಹಾಕಿದೆ ನೀನು."

*

ಸಲ್ವಾಳಿಗೂ ಎದುರು ಮದ್ದು ಏರಿಸಿದರು. ಪೊರೆ ಬಿಟ್ಟಿತು, ಕುತ್ತಿಗೆ ಇಳಿಯಿತು, ಒಂದು ದಿನ ಮೊಸರು ಕೇಳಿದಳಂತೆ. ಆದರೆ ಮದ್ದು ಹೋಗುವಷ್ಟರಲ್ಲಿ ವಿಷ ಎದೆ ಮುಟ್ಟಿತ್ತು. ಮದ್ದು ತೇಲುವ ವಿಷವನ್ನು ಹಿಡಿಯುತ್ತದೆ, ಒಳಗೆ ನಾಟಿದ್ದನ್ನು ಕೀಳಲಾರದು ಎಂದು ಡಾಕ್ಟರಮ್ಮ ಹೇಳಿದರಂತೆ. ಹಾಸಿಗೆಯಿಂದ ಏಳಲು ಹೋದವಳು ಹಾಗೇ ಒರಗಿದಳು.

ದೌಲಾ ರೊಟ್ಟಿ ಬಡಿಯುತ್ತಿದ್ದಾಗ ಸುದ್ದಿ ಬಂತು. ಒಲೆಯ ಗೋಡೆಗೆ ಹಚ್ಚಿದ್ದ ರೊಟ್ಟಿ ಸೀದು ಕರಿಯಾಯಿತು.

ಅವಳು ಹೋದಳು. ಹೋಗದಿರಲು ಆಗುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಹೆಂಗಸರು ಸರಿದು ಜಾಗ ಬಿಟ್ಟರು. ಅದು ಮರ್ಯಾದೆಯ ಜಾಗವಲ್ಲ. ನೂರಿಯ್ಯಾ ಬೈಯಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೂಸಿಗೆ ಹಾಲೂಡಿಸುತ್ತ ಕೂತವಳು ತಲೆಯೆತ್ತಿ ಇಷ್ಟೇ ಕೇಳಿದಳು:

"ಆ ನೀಲಿ ಡಬ್ಬದವರು ಬಂದ ದಿನಾನೇ ಹೇಳಬಾರದಿತ್ತಾ ಚಿಕ್ಕಮ್ಮಾ?"

ದೌಲಾ ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು.

ನೀಲಿ ಡಬ್ಬದವರು ಮತ್ತೆ ಬಂದಾಗ ಊರಿನ ಅರ್ಧ ಬಾಗಿಲುಗಳು ಮುಚ್ಚಿದ್ದವು. ದೌಲಾ ಕೋಲು ಹಿಡಿದು ಅವರ ಮುಂದೆ ನಡೆದಳು.

"ಅಜ್ಜಿ, ಈ ಮನೇಲಿ ಮಕ್ಕಳಿಲ್ವಂತೆ" ಎಂದಳು ಸೂಜಿ ಹಾಕುವ ಹುಡುಗಿ.

"ಇಲ್ವಾ? ಏ ಕಬೂಲ್! ಹುಲ್ಲಿನ ಕೋಣೆ ಬಾಗಿಲು ತೆಗಿ!"

ಕಬೂಲ್ ಮುದುಕಿ ಕಿಟಕಿಯಿಂದ ತಲೆ ಹಾಕಿದಳು. "ಅಲ್ಲೇನಿದೆ? ಕತ್ತೆ ಇದೆ."

"ನಿನ್ನ ಕತ್ತೆ ಕೆಮ್ತಿದೆಯಲ್ಲ!"

"ನೀನೇ ಅಲ್ವೇನೇ ಸೂಜಿ ಬೇಡ ಅಂತ ನಂಗೆ ಹೇಳಿದ್ದು?"

"ನಾನೇ ಹೇಳಿದ್ದು. ನನ್ನ ಮಾತು ಕೇಳಿದ್ದಕ್ಕೆ ಏನಾಯ್ತು ಅಂತ ಮೇಲಿನ ಮನೇಲಿ ಹೋಗಿ ನೋಡ್ಕೊಂಡು ಬಾ."

ಕಬೂಲ್ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಕೆಳಗಿಳಿದು ಬಂದು ಬಾಗಿಲು ತೆಗೆದಳು. ತಲೆಗೂದಲಲ್ಲೆಲ್ಲ ಹುಲ್ಲು ಮೆತ್ತಿಕೊಂಡ ಮಕ್ಕಳು ಒಬ್ಬರ ಹಿಂದೊಬ್ಬರು ಹೊರಬಂದರು. ಮೇಲಿನ ಮನೆಯಿಂದ ನೂರಿಯ್ಯಾ ತಾನೇ ಕೂಸನ್ನು ತಂದು ತೊಡೆ ಮುಂದೆ ಮಾಡಿದಳು. ಕೂಸಿಗೆ ಸೂಜಿ ಚುಚ್ಚಿದಾಗ ಅವಳು ಅತ್ತಳು, ದೌಲಾಳ ಕಡೆ ಮಾತ್ರ ನೋಡಲಿಲ್ಲ. ಕೊನೆಗೆ ದೌಲಾ ತನ್ನ ತೋಳನ್ನೂ ಚಾಚಿದಳು.

*

ಉಸೈದ್ ಮನೆಗೆ ಬಂದ. ಕತ್ತಿನ ಮೂಳೆ ಕಾಣುತ್ತಿತ್ತು. ಮಾತಾಡಿದರೆ ಮೂಗಿನಿಂದ ಬರುತ್ತಿತ್ತು, ಕುಡಿದ ಹಾಲೂ ಅರ್ಧ ಮೂಗಿನಿಂದಲೇ ಬರುತ್ತಿತ್ತು. ಬಲ್ಖೀಸ್ ಅದನ್ನು ಕಂಡು ನಕ್ಕಳು, ಅವನೂ ನಕ್ಕ, ಇನ್ನಷ್ಟು ಹಾಲು ಬಂತು.

"ಗಂಟಲಿನ ನರ ಸೋತಿದೆಯಂತೆ, ತಾನಾಗೇ ಸರಿಹೋಗುತ್ತೆ" ಎಂದಳು ಇಫ್ತಿಕಾರ್. "ಗಟ್ಟಿ ಗಂಜಿ ಸ್ವಲ್ಪ ಸ್ವಲ್ಪ ಕೊಡ್ಬೇಕು. ಆದ್ರೆ ಏಳಬಾರದು ಅತ್ತೆ. ಓಡಬಾರದು, ಮೆಟ್ಟಿಲು ಹತ್ತಬಾರದು, ಪಾಯಿಖಾನೆಗೂ ಎತ್ಕೊಂಡೇ ಹೋಗ್ಬೇಕು. ಚೆನ್ನಾಗಿದಾನೆ ಅಂತ ಅನ್ನಿಸಿದಾಗ್ಲೇ ಎದೆ ನಿಲ್ಲೋದಂತೆ. ಸಲ್ವಾ..."

"ಗೊತ್ತು."

"ಇವನಿಗೂ ಸೂಜಿ ಹಾಕಿಸ್ಬೇಕು. ಕಾಯಿಲೆ ಒಂದ್ಸಲ ಬಂತು ಅಂತ ಮತ್ತೆ ಬರದೇ ಇರಲ್ಲವಂತೆ."

"ಗೊತ್ತು ಕಣೇ. ಹುಲ್ಲಿನ ಕೋಣೆಗೆ ನಾನೇ ಬೀಗ ಹಾಕಿದೀನಿ."

ಇಫ್ತಿಕಾರ್ ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು. ಅವಳು ಆಸ್ಪತ್ರೆಯಲ್ಲಿ ನೂರಿಯ್ಯಾಳ ಪಕ್ಕದ ಹಾಸಿಗೆಯ ಹತ್ತಿರವೇ ಕೂತಿದ್ದವಳು. ಬೈಗುಳಗಳನ್ನು ಗಂಟು ಕಟ್ಟಿಕೊಂಡು ಬಂದಿದ್ದಳು, ಒಂದೂ ಬಿಚ್ಚಲಿಲ್ಲ. "ಊಟ ಮಾಡಿದ್ರಾ?" ಎಂದಳು.

ಅಂದಿನಿಂದ ದೌಲಾ ಮೊಮ್ಮಗನ ಹಾಸಿಗೆಯ ಅಂಚಿಗೆ ಕಾವಲು ಕೂತಳು. ಹುಡುಗ ಕಾಲು ಕೆಳಗಿಟ್ಟರೆ ಕೋಲು ನೆಲಕ್ಕೆ ಬಡಿಯುತ್ತಿತ್ತು.

ಆದರೆ ಒಲೆಯ ಮೇಲೆ ಬೇಯುವುದು ದಿನದಿನಕ್ಕೆ ತೆಳುವಾಯಿತು. ಮೊದಲು ತುಪ್ಪ ನಿಂತಿತು, ಆಮೇಲೆ ಮಾಂಸದ ಮಾತು. ಗ್ಯಾಸು ಮುಗಿದು ಬಲ್ಖೀಸ್ ಸೌದೆ ಆರಿಸಲು ಹೋಗತೊಡಗಿದಳು. ನೆರವಿನವರು ಹಂಚಿದ ಹಿಟ್ಟಿನ ರೊಟ್ಟಿ, ಟೊಮೇಟೊ-ಮೆಣಸಿನಕಾಯಿ ಚಟ್ನಿ, ಅಷ್ಟೇ. ಮುಖ್ಬಿಲ್‌ನ ಸೊಪ್ಪು ಹೋದ ಹಾಗೇ ವಾಪಸು ಬರುತ್ತಿತ್ತು. ಮಾರುಕಟ್ಟೆಯಲ್ಲಿ ಅವನ ಕಟ್ಟು ಎತ್ತಿ ಮೂಸಿ, "ಇದು ಬೆರಳಿನೋಳ ಮನೇದಲ್ವಾ?" ಎಂದು ಕೆಳಗಿಡುತ್ತಿದ್ದರು. ಬಾಡಿದ ಕಟ್ಟುಗಳನ್ನು ಕತ್ತೆ ಕೂಡ ಮೂಸಿ ಬಿಡುತ್ತಿತ್ತು.

ಒಂದು ಮಧ್ಯಾಹ್ನ ಅವನು ರೊಟ್ಟಿಯನ್ನು ತಟ್ಟೆಗೆ ಎಸೆದ.

"ಶುಕ್ರವಾರ ನಮಾಜಿನ ಮೇಲೆ ಎಲ್ರೂ ಹಾಜಿ ಮನೇಲಿ ಸೇರ್ತಾರೆ. ನೀನು ಬಂದು ಹೇಳ್ಬೇಕಮ್ಮಾ."

"ಏನಂತ?"

"ಆವತ್ತು ಗಾಬರೀಲಿ ಬಾಯಿ ತಪ್ಪಿ ಮಾತಾಡ್ದೆ ಅಂತ. ಕಾಯಿಲೆ ಗಾಳೀಲಿ ಬಂತು, ಎಲ್ಲಿಂದ ಬಂತೋ ದೇವರಿಗೆ ಗೊತ್ತು, ನನ್ನ ಬೆರಳಿಂದ ಅಲ್ಲ ಅಂತ. ಅಷ್ಟೇ. ಜನ ಮರೀತಾರೆ."

ಇಫ್ತಿಕಾರ್ ಒಲೆಯ ಕಡೆಯಿಂದ ತಿರುಗಿದಳು. "ಅತ್ತೆ ಹೇಳಿದ್ದು ನಿಜ. ಅದನ್ನ ಹೆಂಗೆ ವಾಪಸ್ ತಗೊಳ್ತಾರೆ?"

"ಹಂಗಾದ್ರೆ ಆ ನಿಜಾನೇ ಬೇಯಿಸಿ ಬಡಿಸು! ಮಗನಿಗೆ ಗಂಜಿಗೆ ಅಕ್ಕಿ ಇಲ್ಲ, ನಿಜ ಅಂತೆ."

"ಮುಖ್ಬಿಲ್," ಎಂದಳು ದೌಲಾ, "ನಿನ್ನೆ ಆಚೆ ಮಗ್ಗುಲಿಂದ ಒಬ್ಬಳು ಬಂದಿದ್ಲು. ಕೂಸಿನ ಗಂಟಲು ಬಿದ್ದಿದೆ, ಎತ್ತು ಅಂತ. ಜಗಳ ಆಡಿ ಆಸ್ಪತ್ರೆಗೆ ಕಳ್ಸಿದೆ. ನಾನು ಶುಕ್ರವಾರ ಹಂಗೆ ಹೇಳಿದ್ರೆ ಶ‌ನಿವಾರ ನಿನ್ನ ಬಾಗಿಲಲ್ಲಿ ಸಾಲು ನಿಲ್ಲುತ್ತೆ. ಕಬೂಲ್ ಮತ್ತೆ ಮಕ್ಕಳನ್ನ ಹುಲ್ಲಲ್ಲಿ ಹೂಳ್ತಾಳೆ. ಸೂಜಿಯೋರು ಇನ್ನೂ ಎರಡು ಸಲ ಬರ್ಬೇಕು."

"ಊರಿನ ಮಕ್ಕಳ ಯೋಚನೆ ನಿಂಗೆ. ಈ ಮನೆ ಮಕ್ಕಳು?"

"ಅವರದ್ದೂ ಇದೆ."

"ಇದ್ರೆ ಹೇಳು. ನಾನು ನಿನ್ನ ಕಾಲು ಹಿಡೀಲಾ? ಹಿಡೀತೀನಿ." ಅವನ ದನಿ ಒಡೆಯಿತು. ಕೋಪಕ್ಕಿಂತ ಹಸಿವೇ ಅದರಲ್ಲಿ ಹೆಚ್ಚಿತ್ತು. "ಸತ್ತವಳು ಸತ್ತಳು ಅಮ್ಮಾ."

"ನಾನು ಬಾಯಿ ಮುಚ್ಕೊಂಡಿದ್ದಕ್ಕೆ ಸತ್ತಳು. ಈಗ ಅವಳ ಮೇಲೆ ಸುಳ್ಳು ಬೇರೆ ಹೊದಿಸ್ಲಾ?"

ಉಸೈದ್ ಹಾಸಿಗೆಯಿಂದ ಮೂಗಿನಲ್ಲಿ ಏನೋ ಕೇಳಿದ, ಬಲ್ಖೀಸ್ ಅವನ ಬಾಯಿಗೆ ಕೈ ಇಟ್ಟಳು.

ದೌಲಾ ಎದ್ದಳು. ತನ್ನ ಪಾಲಿನ ರೊಟ್ಟಿಯನ್ನು ಮಗನ ತಟ್ಟೆಗೆ ಹಾಕಿದಳು. ಮೊಳೆಯಿಂದ ಹೊದಿಕೆ ತೆಗೆದು ತಲೆಗೆ ಸುತ್ತಿಕೊಂಡಳು, ಕೋಲು ತೆಗೆದುಕೊಂಡಳು. ಗಂಟು ಮೂಟೆ ಏನೂ ಕಟ್ಟಲಿಲ್ಲ.

"ಎಲ್ಲಿಗೆ?" ಎಂದ ಮುಖ್ಬಿಲ್.

"ನಮ್ಮಣ್ಣನ ಮನೆಗೆ."

"ಈ ಬಿಸಿಲಲ್ಲಾ? ಮುನಿಸು ಬೇರೆ. ಇರು, ಹೊತ್ತು ಇಳೀಲಿ, ಗಾಡೀಲಿ ಬಿಡ್ತೀನಿ."

"ಮುನಿಸಲ್ಲ ಕಣೋ. ಮಾರುಕಟ್ಟೇಲಿ ಕೇಳಿದ್ರೆ ಹೇಳು: ಬೆರಳಿನೋಳು ಈಗ ನಮ್ಮ ಮನೇಲಿಲ್ಲ, ನಮ್ಮ ಕಟ್ಟು ಮುಟ್ಟಲ್ಲ ಅಂತ. ಅದರಲ್ಲಿ ಸುಳ್ಳೇನೂ ಇಲ್ಲ. ಸೊಪ್ಪು ಹೋಗುತ್ತೆ." ಸೊಸೆಯ ಕಡೆ ತಿರುಗಿದಳು. "ಇವನನ್ನ ಕೆಳಗಿಳಿಸ್ಬೇಡ. ಅತ್ರೂ ಇಳಿಸ್ಬೇಡ. ಡಾಕ್ಟರಮ್ಮ ಸಾಕು ಅನ್ನೋವರೆಗೆ."

"ಅತ್ತೆ, ಕೂತ್ಕೊಳಿ. ಅವರು ಕೂಗಾಡಿ ಸುಮ್ನಾಗ್ತಾರೆ, ನಿಮಗೆ ಗೊತ್ತಿಲ್ವಾ?"

"ಗೊತ್ತು. ಹೆತ್ತಿದೀನಲ್ಲ."

ಮೆಟ್ಟಿಲಿಳಿದು ಹೋದಳು. ಬಲ್ಖೀಸ್ ತಾರಸಿಗೆ ಓಡಿ ನೋಡಿದಳು: ಅಜ್ಜಿ ಸೊಪ್ಪಿನ ಗಿಡಗಳ ಮೆಟ್ಟಿಲುಗದ್ದೆಗಳ ನಡುವಿನ ಕಾಲುದಾರಿಯಲ್ಲಿ, ಕೋಲೂರುತ್ತ, ಕಣಿವೆಯ ಆಚೆ ಊರಿನ ಕಡೆ ಇಳಿಯುತ್ತಿದ್ದಳು. ಎಲ್ಲೂ ಒಂದು ಎಲೆಗೂ ಕೈ ತಾಗಿಸದೆ, ಬಲಗೈಯನ್ನು ಹೊದಿಕೆಯೊಳಗೆ ಇಟ್ಟುಕೊಂಡೇ ನಡೆದಳು.

ಸೊಪ್ಪು ಮೆಲ್ಲಗೆ ಮಾರಾಟವಾಗತೊಡಗಿತು. ಹಬ್ಬಕ್ಕೆ ಮುಂಚೆ ಮುಖ್ಬಿಲ್, ಮನೆ ಬಿಟ್ಟು ಹೋದ ಹೆಂಗಸನ್ನು ಕರೆತರುವ ಪದ್ಧತಿಯಂತೆ, ಒಂದು ಕುರಿ ಹೊಡೆದುಕೊಂಡು ಹಿರಿಯರಿಬ್ಬರ ಜೊತೆ ಸೋದರಮಾವನ ಮನೆಗೆ ಹೋದ. ಮುನಿಸಿಲ್ಲ ಎಂಬುದಕ್ಕೆ ದೌಲಾ ಕುರಿಯನ್ನು ಕಟ್ಟಿಸಿಕೊಂಡಳು. ಉಸೈದ್ ಓಡಾಡುತ್ತಾನಾ ಎಂದು ಕೇಳಿದಳು. ಡಾಕ್ಟರಮ್ಮ ಸಾಕು ಅಂದ ಮೇಲೆ ಓಡುತ್ತಿದ್ದಾನೆ ಅಂದಾಗ ಮುಖಕ್ಕೆ ಹೊದಿಕೆ ಎಳೆದುಕೊಂಡಳು. ಮಗನಿಗೆ ಹೊಟ್ಟೆ ತುಂಬ ಬಡಿಸಿದಳು.

ಅವನ ಜೊತೆ ಬರಲಿಲ್ಲ. ಆಮೇಲೆಯೂ ಬರಲಿಲ್ಲ.